ಓಬಕ್ಕ ಹನಿಮೂನಿಗೆ ಹೋದದ್ದು

"ಥೂ ನಿನ್ನ! ನಾಚ್ಕಿ ಅನ್ನಾದು ಐತೇನಲೇ ನಿಂಗ? ಕುಬಸ ಬಿಚ್ಕಂಡು ಗಿಡದ ಬುಡಕ್ಕ ಕುಂತೀಯಲ್ಲ! ದೊಡ್ಡ ದೊಡ್ಡ ಮಂದಿ ಓಡಾಡ ಜಾಗ ಇದು. ನಿಮ್ಮ ಕೇರಿ ಅಂತ ತಿಳಕಂಡೀ ಏನು?"

ಓಬಕ್ಕ ದಡಬಡಿಸಿ ಎದ್ದು ಸೆರಗು ಎಳೆದುಕೊಂಡಳು. ಚಡ್ಡಿ ಹಾಕಿಕೊಂಡು ಕೈಯಲ್ಲಿ ಎಳನೀರು ಹಿಡಿದಿದ್ದ ಚಂದ್ರಮೋಹನ ಎದುರಿಗೇ ನಿಂತಿದ್ದ. ಮದುವೆಯಾಗಿ ಇನ್ನೂ ಅರಿಶಿನ ಆರದ ಹೊಸ ಮದುಮಗ. ಪಕ್ಕದಲ್ಲಿ ರೆಸಾರ್ಟಿನ ಬಿಳಿ ಬಟ್ಟೆಯ ಮ್ಯಾನೇಜರು ಸತ್ತ ಇಲಿ ಕಂಡವನ ಹಾಗೆ ಮುಖ ಆ ಕಡೆ ತಿರುಗಿಸಿಕೊಂಡಿದ್ದ. ಈಜುಕೊಳದ ಹತ್ತಿರ ಮಲಗಿದ್ದ ಒಬ್ಬ ಪರದೇಶದ ಹೆಂಗಸು ದೂರು ಕೊಟ್ಟಿದ್ದಳಂತೆ. ಆ ಹೆಂಗಸಿನ ಮೈಮೇಲೆ ಎರಡು ಅಂಗೈ ಬಟ್ಟೆಯೂ ಇರಲಿಲ್ಲ ಎಂಬುದು ಬೇರೆ ಮಾತು.

"ಹಾಲು ಕಟ್ಕಂಡೈತೆ ಸಾಮಿ. ತಡಿಯಾಕಾಗ್ಲಿಲ್ಲ."

"ಕಟ್ಕಂಡ್ರ ಬಚ್ಚಲದಾಗ ಹಿಂಡು. ಇಷ್ಟು ದೊಡ್ಡ ಸಮುದ್ರ ಬಿದ್ದೈತಿ, ಅದ್ರಾಗ ಹೋಗಿ ಹಿಂಡು, ಯಾವನ್ ಬ್ಯಾಡಂತಾನ? ಮಂದಿಗೆ ನಿನ್ನ ಮಲಿ ತೋರ್ಸಾಕ ಕರಕಂಡು ಬಂದೀನೇನಲೇ ಬೋಸುಡಿ?"

ಮ್ಯಾನೇಜರನ ಕಡೆ ತಿರುಗಿ ಅವನು 'ಸಾರಿ, ಸಾರಿ' ಎಂದು ನಗಾಡಿದ. ಇಬ್ಬರೂ ಹೋದರು. ಓಬಕ್ಕ ದಾಸವಾಳದ ಬುಡ ನೋಡಿದಳು. ಕೆಂಪು ಮಣ್ಣಿನಲ್ಲಿ ಹಾಲು ಇನ್ನೂ ಪೂರ್ತಿ ಇಂಗಿರಲಿಲ್ಲ. ಒಂದೆದೆ ಹಗುರಾಗಿತ್ತು, ಇನ್ನೊಂದು ಕಲ್ಲಿನಂತೆ ಬಿಗಿದು ಕಂಕುಳವರೆಗೂ ಉರಿಯುತ್ತಿತ್ತು.

ಬಚ್ಚಲಲ್ಲಿ ಹಿಂಡುವ ಹಾಗಿದ್ದರೆ ಅವಳೇನು ಬೇಕೆಂತಲೇ ಬಯಲಿಗೆ ಬಂದು ಕೂರುತ್ತಿದ್ದಳೇ? ಊರು ಬಿಡುವಾಗ ಅತ್ತೆ ಪಾಪಕ್ಕ ಗಟ್ಟಿಯಾಗಿ ಹೇಳಿ ಕಳಿಸಿದ್ದಳು. ಕೂಸಿನಿಂದ ದೂರ ಇದ್ದಾಗ ಹಾಲನ್ನು ಹಸಿರು ಗಿಡದ ಬುಡಕ್ಕೆ ಹಿಂಡಬೇಕು. ಇರುವೆ ಮುತ್ತಬಾರದು, ಯಾರೂ ತುಳಿಯಬಾರದು, ಎಲ್ಲಕ್ಕಿಂತ ಹೆಚ್ಚಾಗಿ ಉಪ್ಪು ಸೋಕಬಾರದು. ಉಪ್ಪು ಸೋಕಿತೋ, ತಾಯೆದೆ ಬತ್ತಿಹೋಗುತ್ತದೆ. ಆಂಧ್ರದ ಗಡಿಯ ರೊಳ್ಳದ ಸುತ್ತಿನ ಹೆಂಗಸರಿಗೆ ಇದು ಹೇಳಿಕೊಡಬೇಕಾದ ಮಾತೇ ಅಲ್ಲ. ಆದರೆ ಪಾಪಕ್ಕ ಕೆರೆ ನೋಡಿದ್ದಳೇ ಹೊರತು ಸಮುದ್ರ ನೋಡಿದವಳಲ್ಲ. ಈ ನಡುಗಡ್ಡೆಯಲ್ಲಿ ನಾಲ್ಕು ಕಡೆ ಉಪ್ಪುನೀರು, ಕಾಲ ಕೆಳಗೆ ಉಪ್ಪುಮರಳು, ಕೆಲಸದವರ ಬಚ್ಚಲ ನಲ್ಲಿಯಲ್ಲೂ ಉಪ್ಪು. ತುಟಿ ಸವರಿಕೊಂಡರೆ ಗಾಳಿಯೂ ಉಪ್ಪೇ. ಸಿಹಿಮಣ್ಣು ಇದ್ದದ್ದು ಈ ದಾಸವಾಳದ ಬುಡದಲ್ಲಿ ಮಾತ್ರ. ಹಡಗಿನಲ್ಲಿ ತರಿಸಿದ ಕೆಮ್ಮಣ್ಣಂತೆ, ದಿನಾ ಸಿಹಿನೀರು ಕುಡಿಸುತ್ತಿದ್ದರು. ಓಬಕ್ಕ ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ನೋಡಿಯೇ ಅಲ್ಲಿ ಕೂತಿದ್ದಳು. ಇನ್ನು ಅಲ್ಲಿಗೂ ಕಾಲಿಡುವಂತಿರಲಿಲ್ಲ.

ಹನಿಮೂನಿಗೆ ಇಬ್ಬರೇ ಹೋಗುವುದು ಎಂಬುದು ಓಬಕ್ಕನಿಗೂ ಗೊತ್ತಿತ್ತು. ಮೂರನೆಯವಳಾಗಿ ಅವಳು ವಿಮಾನ ಹತ್ತಬೇಕಾಗಿ ಬಂದದ್ದು ಮದುಮಗಳು ಲಲಿತಳ ಮೂರ್ಛೆಯಿಂದ.

ಲಲಿತ ಊರಿನ ದೊಡ್ಡ ಮನೆಯ ಮಗಳು. ಓಬಕ್ಕ ಮಾದಿಗರ ಕೇರಿಯವಳು. ಆ ಮನೆಯ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ದು, ರೇಷ್ಮೆಹುಳದ ಮನೆ ಗುಡಿಸಿ ಬೆಳೆದವಳು. ಲಲಿತಳಿಗೆ ಮೂರ್ಛೆ ಬಂದಾಗ ಬಾಯಿನೊರೆ ಒರೆಸಲು, ಒದ್ದೆಯಾದ ಲಂಗ ಬದಲಿಸಲು ಓಬಕ್ಕನೇ ಬೇಕಿತ್ತು. ಮುಟ್ಟಬಾರದವಳು ಎಂಬುದೆಲ್ಲ ಆ ಗಳಿಗೆಯಲ್ಲಿ ಯಾರಿಗೂ ನೆನಪಾಗುತ್ತಿರಲಿಲ್ಲ. ರಾಯದುರ್ಗದ ಕಡೆ ಅದಿರು ಲಾರಿಗಳಿಂದ ಮೇಲೆ ಬಂದ ಮನೆಯಿಂದ ಸಂಬಂಧ ಕೂಡಿಬಂದಾಗ ಮೂರ್ಛೆಯ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಿದ್ದರೆ ಮದುವೆಯೇ ನಡೆಯುತ್ತಿರಲಿಲ್ಲ.

"ನಮ್ಮ ಮನೆತನದಾಗೆ ಹೊಸ ಮದಲಗಿತ್ತಿನ ಒಂಟಿಯಾಗಿ ಕಳ್ಸೋ ಪದ್ಧತಿ ಇಲ್ಲ" ಎಂದು ಲಲಿತಳ ತಾಯಿ ಲಕ್ಷ್ಮಿದೇವಿ ಬೀಗರಿಗೆ ಹೇಳಿದಳು. ಗಂಡಿನ ಮನೆಯವರಿಗೂ ಹಿಗ್ಗೇ ಆಯಿತು. ಹನಿಮೂನಿಗೂ ಆಳು ಕರೆದುಕೊಂಡು ಹೋಗುವ ಸೊಸೆ ಯಾರಿಗೆ ಸಿಗುತ್ತಾಳೆ?

ಹಿತ್ತಿಲ ಬಾಗಿಲಲ್ಲಿ ನಿಂತು ಓಬಕ್ಕ ಅಂಗಲಾಚಿದ್ದಳು.

"ನನ್ನ ಕೂಸು ಇನ್ನಾ ಎದೆ ಬಿಟ್ಟಿಲ್ಲಮ್ಮಾರೇ. ಹಲ್ಲೂ ಬಂದಿಲ್ಲ."

"ದಿನಾ ಒಂದು ಚೊಂಬು ಎಮ್ಮೆ ಹಾಲು ಕಳ್ಸ್ತೀನಿ ತಗಳೆ. ನಾಕು ದಿನದ ಮಾತು. ನಿನ್ನ ಕೂಸೇನು ಮಾರಾಜನ ಮಗಳಾ?"

"ನಮ್ಮನೇರನ್ನ ಒಂದು ಮಾತು ಕೇಳಿ..."

"ನಿನ್ನ ಗಂಡ ಮಾರೇಶ ಕುಂತಿರೋದು ಯಾರ ಟ್ರಾಕ್ಟರ್ ಮ್ಯಾಲೆ? ನಿಮ್ಮ ಗುಡಿಸ್ಲು ನಿಂತಿರೋದು ಯಾರ ಜಮೀನಾಗೆ? ಕೇಳ್ತಾಳಂತೆ ಕೇಳ್ತಾಳೆ! ನೋಡು ಓಬಿ, ಮಾತ್ರೆ ನಿನ್ನ ಹತ್ರ ಇರ್ಲಿ. ಅವಳಿಗೆ ಬರೋ ಹಂಗೆ ಕಂಡ್ರೆ ಮೈ ಸರಿಗಿಲ್ಲ ಅಂತ ಒಳಕ್ಕೆ ಕರ್ಕೊಂಡು ಹೋಗು. ಅಳಿಯನ ಕಿವಿಗೆ ಏನಾದ್ರೂ ಬಿತ್ತೋ, ನಿಮ್ಮ ಕೇರಿನಾಗೆ ಒಲೆ ಉರಿಯಲ್ಲ, ಗುಡಿಸ್ಲು ಉರಿತಾವೆ."

ಹೀಗೆ ಓಬಕ್ಕ ಹನಿಮೂನಿಗೆ ಹೊರಟಳು. ಗಂಡಹೆಂಡತಿಗೆ ನೀರಿನ ಮೇಲೆ ಕಟ್ಟಿದ ಮರದ ಮನೆ, ಹಾಸಿಗೆ ತುಂಬ ಗುಲಾಬಿ ಪಕಳೆ. ಓಬಕ್ಕನಿಗೆ ಜನರೇಟರು ಗುಡುಗುಡು ಎನ್ನುವ ಶೆಡ್ಡಿನ ಪಕ್ಕ, ಕೊಳೆಬಟ್ಟೆ ಮೂಟೆ ಹಾಕುವ ಕೋಣೆ. ಅವಳ ಆಧಾರ್ ಕಾರ್ಡು ಚಂದ್ರಮೋಹನನ ಪರ್ಸಿನಲ್ಲಿ, ತಿರುಗಿ ಹೋಗುವ ಟಿಕೆಟ್ಟು ಅವನ ಫೋನಿನಲ್ಲಿ. ಹೇಳಿದ ದಿನಗಳು ಮುಗಿಯುತ್ತಾ ಬಂದಾಗ ಚಂದ್ರಮೋಹನನಿಗೆ ಜಾಗ ಬಲು ಹಿಡಿಸಿತು. ಇನ್ನೊಂದು ವಾರ ಇರೋಣ ಎಂದುಬಿಟ್ಟ. ಲಲಿತ ತಲೆಯಾಡಿಸಿದಳು. ಓಬಕ್ಕನನ್ನು ಕೇಳುವವರು ಯಾರು?

ಬೈಸಿಕೊಂಡ ಆ ದಿನವೇ ಮಧ್ಯಾಹ್ನ ಲಲಿತಳ ಫೋನಿಗೆ ಪಾಪಕ್ಕನ ಕರೆ ಬಂತು. ಲಲಿತ ಫೋನನ್ನು ಓಬಕ್ಕನ ಕೈಗೆ ಕೊಡಲಿಲ್ಲ. ಸ್ಪೀಕರ್ ಹಾಕಿ ಮರದ ಕಟಕಟೆಯ ಮೇಲಿಟ್ಟು ಅತ್ತ ಸರಿದಳು.

"ಓಬೀ, ಬಾಟ್ಲಿ ಮುಟ್ಟಾಕಿಲ್ಲ ಅಂತೈತೆ ಕಣೇ. ಬಾಯಿಗಿಟ್ರೆ ನಾಲ್ಗೇಲಿ ಆಚೀಕೆ ನೂಕ್ತೈತೆ. ಎಮ್ಮೆ ಹಾಲು ಹೊಟ್ಟೆಗೆ ಹಿಡೀವಲ್ದು, ಕುಡಿದಿದ್ದೆಲ್ಲಾ ನೀರಂಗೆ ಹೋಗ್ತೈತೆ."

"ಡಾಕ್ಟ್ರಿಗೆ ತೋರಿಸ್ಲಿಲ್ವಾ ಅತ್ತೆ?"

"ಮಾರೇಶ ಎತ್ಕೊಂಡೋಗಿದ್ದ. ಗ್ಲೂಕೋಸ್ ಬಾಟ್ಲಿ ಏರ್ಸಿ ಕಳ್ಸಿದ್ರು. ತಾಯಿ ಹಾಲು ಕುಡುದ್ರೆ ಸುಧಾರಿಸ್ತೈತೆ, ತಾಯಿ ಎಲ್ಲವ್ಳೆ ಅಂದ್ರಂತೆ. ಏನಂತ ಹೇಳ್ತಾನೆ? ಹನಿಮೂನಿಗೆ ಹೋಗವ್ಳೆ ಅಂತಾನಾ?"

"ನಾಗಕ್ಕನ ಸೊಸೆ ಬಾಣಂತಿ ಅಲ್ವಾ? ಒಂದೆರಡು ದಿನ ಅವಳತ್ರ..."

"ಹೋಗಿದ್ದೆ ಕಣೇ. ಅಂಗಳದಾಗೇ ನಿಂದ್ರಿಸಿದ್ರು. ನಿಮ್ಮ ಕೂಸಿಗೆ ನಮ್ಮ ಸೊಸೆ ಎದೆ ಕೊಟ್ರೆ ನಮ್ಮನೆ ದ್ಯಾವ್ರು ಸುಮ್ಕಿರ್ತಾನಾ ಅಂದ್ಲು ನಾಗಕ್ಕ. ಹೊರಗೆ ಕೂಸು ಅಳ್ತಿತ್ತು, ಒಳಗೆ ಆ ಹುಡ್ಗಿ ಅಳ್ತಿದ್ಲು. ಅವಳ ಕುಬಸಾನೂ ತೋಯ್ದೋಗಿತ್ತು." ಪಾಪಕ್ಕನ ದನಿ ಕುಗ್ಗಿತು. "ಈಗ ಅಳಾದೂ ನಿಂತೈತೆ ಓಬಿ. ಸುಮ್ಕೆ ನೋಡ್ತೈತೆ. ನೆತ್ತಿ ಒಳಕ್ಕೆ ಕುಸಿದೈತೆ. ಬಂದ್ಬಿಡೇ ನನ್ನವ್ವ. ಹೆಂಗಾರಾ ಮಾಡಿ ಬಂದ್ಬಿಡೇ."

ಕೂಸಿನ ನೆತ್ತಿ ಕುಸಿದಿದೆ ಅಂದರೆ ಏನೆಂದು ಓಬಕ್ಕನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಮೊದಲನೆಯದು ಹಾಗೇ ಹೋಗಿತ್ತು. ಎದೆಯಲ್ಲಿ ಹಾಲು ಕಟ್ಟಿ ಮೈ ಸುಡುತ್ತಿದ್ದರೂ ಅವಳಿಗೆ ಚಳಿ ಹತ್ತಿತು. ಲಲಿತಳ ಕಾಲ ಬಳಿ ಕುಕ್ಕರಿಸಿದಳು.

"ಚಿಕ್ಕಮ್ಮಾರೇ, ನನ್ನ ಕಳ್ಸಿಬಿಡಿ. ದೋಣಿ ಹತ್ತಿಸಿ ಸಾಕು, ಭಿಕ್ಷೆ ಬೇಡ್ಕೊಂಡಾದ್ರೂ ಊರು ಸೇರ್ಕೊಂತೀನಿ. ನನ್ನ ಕೂಸು ಸಾಯ್ತೈತೆ."

"ನೀನು ಹೋದ್ಮೇಲೆ ನಂಗೆ ಬಂದ್ರೆ?" ಲಲಿತ ಬಾಗಿಲ ಕಡೆ ನೋಡಿ ಪಿಸುಗುಟ್ಟಿದಳು. "ಅವ್ರ ಮುಂದೇನೇ ಬಿದ್ಬಿಟ್ರೆ? ಅವರು ಎಂಥೋರು ಅಂತ ನಿಂಗೊತ್ತಿಲ್ಲ ಓಬಿ. ಅವತ್ತೇ ನನ್ನ ಬಿಟ್ಬಿಡ್ತಾರೆ. ಅಮ್ಮನ್ನೇ ಕೇಳು."

ಅಮ್ಮನಿಗೂ ಫೋನು ಹೋಯಿತು. ಲಕ್ಷ್ಮಿದೇವಿಯ ಮಾತು ಸ್ಪೀಕರಿನಲ್ಲಿ ಖಣಖಣ ಕೇಳಿಸಿತು.

"ಕೇಳ್ಸಿತು, ಕೇಳ್ಸಿತು. ನಿಮ್ಮತ್ತೆ ಪಾಪಿ ಬಂದು ಇಲ್ಲೂ ಬಾಯಿ ಬಡ್ಕೊಂಡು ಹೋದ್ಲು. ಏನೇ ಓಬಿ, ನಿಮ್ಮೋರಿಗೆ ಕೂಸಿಗೇನು ಬರವಾ? ಒಂದು ಹೋದ್ರೆ ಇನ್ನೊಂದು ಹೆರ್ತೀಯ. ನನ್ನ ಮಗಳ ಬಾಳು ಹೋದ್ರೆ ನೀನು ತಂದ್ಕೊಡ್ತೀಯಾ? ಮುಚ್ಕೊಂಡು ಬಿದ್ದಿರು ಅಲ್ಲೇ."

ಫೋನು ಕಟ್ಟಾಯಿತು. ಲಲಿತಳ ಕಣ್ಣಲ್ಲೂ ನೀರಿತ್ತು. ಆ ನೀರಿನಿಂದ ಓಬಕ್ಕನಿಗೆ ಆಗಬೇಕಾದದ್ದು ಏನೂ ಇರಲಿಲ್ಲ. ಎದ್ದು ನೇರ ದೋಣಿಗಟ್ಟೆಗೆ ನಡೆದಳು.

ಬೋಟು ನಡೆಸುವ ಅಪ್ಪಲಸ್ವಾಮಿ ಶ್ರೀಕಾಕುಳದ ಕಡೆಯವನು. ಆ ನಡುಗಡ್ಡೆಯಲ್ಲಿ ಓಬಕ್ಕನೊಂದಿಗೆ ತೆಲುಗಿನಲ್ಲಿ ನಾಲ್ಕು ಮಾತಾಡಿ, ಊಟ ಆಯಿತೇ ತಂಗಿ ಎಂದು ಕೇಳಿದವನು ಅವನೊಬ್ಬನೇ. ಓಬಕ್ಕ ಹೇಳಿದ್ದನ್ನೆಲ್ಲ ಕೇಳಿ ಅವನು ಹಗ್ಗ ಸುತ್ತುವುದನ್ನು ನಿಲ್ಲಿಸಿದ.

"ಚೆಲ್ಲೀ, ನನ್ನ ಕೈಯಲ್ಲಿ ಏನಿದೆ ಹೇಳು? ಮ್ಯಾನೇಜರು ಹೂಂ ಅನ್ನದೆ ಬೋಟಿಗೆ ಒಂದು ತೊಟ್ಟು ಡೀಸೆಲ್ಲು ಬೀಳೋದಿಲ್ಲ. ನಿನ್ನ ಕಾರ್ಡೂ ನಿನ್ನ ಹತ್ತಿರ ಇಲ್ಲ, ಆ ದಡದಲ್ಲಿ ಪೊಲೀಸರು ಹಿಡೀತಾರೆ" ಎಂದು ತೆಲುಗಿನಲ್ಲೇ ಅಲವತ್ತುಕೊಂಡ. "ನಿಮ್ಮ ದೊರೆ ಹೊರಟರೆ ನೀನೂ ಹೊರಟೆ. ಅವನು ಹೊರಡದೆ ನಿನಗೆ ದಾರಿ ಇಲ್ಲ."

ಓಬಕ್ಕ ಕಟ್ಟೆಯ ಮೇಲೆ ಕುಸಿದು ಕೂತಳು. ಮುಂದೆ ನೀರು, ಊರು ಯಾವ ದಿಕ್ಕಿಗಿದೆ ಎಂದೂ ಗೊತ್ತಾಗದಷ್ಟು ನೀರು. ಬಾಯಿ ಬಿಟ್ಟು ಅತ್ತಳು. ಅತ್ತು ಸಾಕಾಗಿ ಮೂಗು ಸೀಟುವಾಗ ಅಪ್ಪಲಸ್ವಾಮಿಯ ಕೊನೆಯ ಮಾತು ಮತ್ತೆ ತಲೆಯೊಳಗೆ ಬಂತು. ಅವನು ಹೊರಟರೆ ನೀನೂ ಹೊರಟೆ. ಚಂದ್ರಮೋಹನ ಈ ಜಾಗ ಬಿಟ್ಟು ಹೊರಡುವ ಹಾಗೆ ಮಾಡುವ ಮಾತು ಈ ನಡುಗಡ್ಡೆಯಲ್ಲಿ ಒಂದೇ ಒಂದಿತ್ತು. ಅದು ಅವಳ ಬಾಯಲ್ಲಿತ್ತು.

ಆ ಮಾತು ಆಡಿದರೆ ಗುಡಿಸಲು ಉಳಿಯುವುದಿಲ್ಲ, ಮಾರೇಶನ ಮೈಮೂಳೆ ಉಳಿಯುತ್ತವೋ ಇಲ್ಲವೋ. ಲಲಿತಳ ಬಾಳೂ ಮಣ್ಣುಪಾಲು. ಚಿಕ್ಕಂದಿನಿಂದ ತೊಡೆಯ ಮೇಲೆ ಹಾಕಿಕೊಂಡ ಹುಡುಗಿ ಅದು, ಅದರ ಮೇಲೆ ಓಬಕ್ಕನಿಗೆ ಕರುಳಿರಲಿಲ್ಲ ಎಂದಲ್ಲ. ಆದರೆ ಒಳಕ್ಕೆ ಕುಸಿದ ನೆತ್ತಿಯೊಂದು ಕಣ್ಣ ಮುಂದೆ ನಿಂತಿತ್ತು, ಅದರ ಎದುರಿಗೆ ಮಿಕ್ಕದ್ದೇನೂ ನಿಲ್ಲಲಿಲ್ಲ.

ಹೊತ್ತು ಮುಳುಗುವ ಹೊತ್ತಿಗೆ ಮರಳಿನ ಮೇಲೆ ಮೇಜು ಹಾಕಿದ್ದರು. ಸುತ್ತ ಹೂವಿನಿಂದ ಹೃದಯದ ಆಕಾರ, ಅದರ ಅಂಚಿಗೆ ದೀಪಗಳು. ಒಬ್ಬ ಗಿಟಾರು ಹಿಡಿದು ನಿಂತಿದ್ದ. ಗುಲಾಬಿ ಬಣ್ಣದ ಉದ್ದ ಅಂಗಿ ತೊಟ್ಟು ಲಲಿತ ಕೂತಿದ್ದಳು, ಚಂದ್ರಮೋಹನ ಅವಳ ಬಾಯಿಗೆ ಸಿಗಡಿ ಇಡುತ್ತಿದ್ದ. ಓಬಕ್ಕ ಹೂವು ತುಳಿದುಕೊಂಡೇ ಒಳಗೆ ಬಂದಳು.

"ಮತ್ತ ಬಂತು ನೋಡು ಪೀಡೆ! ಏನಲೇ?"

"ಸಾಮಿ, ಒಂದು ಮಾತು."

ಲಲಿತ ಅವಳ ಮುಖ ನೋಡಿದಳು. ನೋಡಿದ ಕೂಡಲೇ ತಿಳಿದುಹೋಯಿತು. "ಓಬೀ, ಹೋಗು ಒಳಕ್ಕೆ. ಓಬೀ, ನಿನ್ನ ಕಾಲಿಗೆ ಬೀಳ್ತೀನಿ" ಎಂದಳು. ದೊಡ್ಡ ಮನೆಯವರು ಯಾರಾದರೂ ಓಬಕ್ಕನಿಗೆ ಅಂಥ ಮಾತು ಆಡಿದ್ದು ಅದೇ ಮೊದಲು.

"ನಿಮ್ಮ ಹೆಂಡ್ತಿಗೆ ಮೂರ್ಛೆ ಬರ್ತೈತೆ. ಲಂಗ ಹಾಕೋ ವಯಸ್ನಿಂದ ಐತೆ. ಬಿದ್ದು ಒದ್ದಾಡ್ತಾಳೆ, ನೊರೆ ಬರ್ತೈತೆ. ನಿಮ್ಗೆ ಹೇಳ್ದಂಗೆ ಮದುವೆ ಮಾಡವ್ರೆ. ನಿಮ್ಗೆ ಕಾಣ್ದಂಗೆ ಮುಚ್ಚಿಡಾಕೇ ನನ್ನ ಜೊತೆಗೆ ಕಳ್ಸಿರೋದು. ಇಗಳ್ಳಿ ಮಾತ್ರೆ." ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲಿಟ್ಟಳು.

ಗಿಟಾರಿನವನಿಗೆ ಭಾಷೆ ತಿಳಿಯದು, ಅವನು ಬಾರಿಸುತ್ತಲೇ ಇದ್ದ. ಚಂದ್ರಮೋಹನ ಮಾತ್ರೆಯ ಹಾಳೆ ಎತ್ತಿ ನೋಡಿದ.

"ಖರೇ ಏನು?"

ಲಲಿತ ತಲೆ ಎತ್ತಲಿಲ್ಲ. ಅವನು ಮೇಜು ಒದ್ದ. ಗಾಜಿನ ಲೋಟಗಳು ಮರಳಿಗೆ ಬಿದ್ದವು.

"ಹಾಳಾದ ಮಾಲು ಕಟ್ಟಿ ಕಳ್ಸ್ಯಾರಲ್ಲ ಸೂಳೆಮಕ್ಳು! ನಾಕು ಊರಿಗೆ ಕರದು ಮದುವಿ ಮಾಡಿಕ್ಯಂಡೀನಿ, ನಾನೇನು ಬಾಯಾಗ ಬೊಟ್ಟು ಇಟ್ಕಂಡು ಕುಂತೀನೇನು? ನಡೀ! ನಿಮ್ಮಪ್ಪನ ಅಂಗಳದಾಗ ಒಗದು ಬರ್ತೀನಿ ನಿನ್ನ! ಏ ಮ್ಯಾನೇಜರ್! ಬೋಟ್ ತರ್ಸು, ಈಗ್ಲೇ ಹೋಗ್ಬೇಕು ನಾವು!"

ಕತ್ತಲಲ್ಲಿ ಬೋಟು ಬಿಡುವುದಿಲ್ಲ, ಬೆಳಗಾಗಲಿ ಎಂದು ಮ್ಯಾನೇಜರು ಕೈ ಮುಗಿದ. ಚಂದ್ರಮೋಹನ ಹೆಂಡತಿಯ ಫೋನು ಕಿತ್ತುಕೊಂಡು ಜೇಬಿಗಿಟ್ಟ. ಲಲಿತಳ ಕೆನ್ನೆಗೆ ಒಂದು, ಓಬಕ್ಕನ ಕೆನ್ನೆಗೆ ಒಂದು ಬಿಗಿದು ಹೋದ. ಓಬಕ್ಕನಿಗೆ ಏಟು ತಾಕಿದ್ದೇ ತಿಳಿಯಲಿಲ್ಲ. ಬೋಟು ಹೊರಡುತ್ತದೆ ಎಂಬುದೊಂದೇ ತಿಳಿದದ್ದು. ಸಂತೋಷವಾಯಿತು. ಎದುರಿಗೆ ಲಲಿತ ಮರಳಿನಲ್ಲಿ ಕೂತು ಅಳುತ್ತಿರುವಾಗಲೇ ಸಂತೋಷವಾಯಿತು, ಅದಕ್ಕೆ ಹೇಸಿಗೆಯೂ ಆಯಿತು.

ಓಬಕ್ಕ ಮರಳಿನಲ್ಲಿ ತಡಕಾಡಿ ಮಾತ್ರೆ ಹುಡುಕಿ ತಂದು ಮುಂದೆ ಹಿಡಿದಳು. "ತಗಳ್ಳಿ ಚಿಕ್ಕಮ್ಮಾರೇ. ತಪ್ಪಿಸ್ಬಾರ್ದು."

ಲಲಿತ ಅದನ್ನು ಕಿತ್ತು ಸಮುದ್ರಕ್ಕೆ ಎಸೆದಳು. "ನಿನ್ನ ಕೈಯಿಂದ ನಂಗೆ ವಿಷಾನೂ ಬ್ಯಾಡ ಕಣೇ ಮುಂಡೆ. ನಿನ್ನ ಕೂಸು ಹಾಳಾಗೋಗ್ಲಿ."

ಬೆಳಗ್ಗೆ ಬಿಸಿಲು ಬೀಳುವ ಮೊದಲೇ ಬೋಟು ಹೊರಟಿತು. ಚಂದ್ರಮೋಹನ ಮುಂದೆ ಬೆನ್ನು ತಿರುಗಿಸಿ ಕೂತಿದ್ದ, ನಡುವೆ ಲಲಿತ, ಹಿಂದೆ ಪೆಟ್ಟಿಗೆಗಳ ಪಕ್ಕ ಓಬಕ್ಕ. ಅವನದು, ಲಲಿತಳದು ಎರಡೂ ಫೋನುಗಳು ಅವನ ಜೇಬಿನಲ್ಲಿದ್ದವು. ಊರಿನಲ್ಲಿ ಕೂಸು ಕಣ್ಣು ಬಿಟ್ಟಿದೆಯೋ ಮುಚ್ಚಿದೆಯೋ, ಕೇಳಲು ದಾರಿ ಇರಲಿಲ್ಲ. ರಾತ್ರಿಯೆಲ್ಲ ನಿದ್ದೆಯಿಲ್ಲದೆ, ಮಾತ್ರೆಯಿಲ್ಲದೆ ಕಳೆದ ಲಲಿತಳ ಕಣ್ಣುಗಳು ಕೆಂಪಾಗಿ ಒಂದೇ ಕಡೆ ನೆಟ್ಟಿದ್ದವು. ಓಬಕ್ಕನಿಗೆ ಆ ನೋಟ ಗೊತ್ತಿತ್ತು. ಎದ್ದು ಬಳಿಗೆ ಹೋಗುವಷ್ಟರಲ್ಲಿ ಲಲಿತ ವಿಕಾರವಾಗಿ ಕೂಗಿಕೊಂಡು ಉರುಳಿದಳು. ಓಬಕ್ಕ ಅವಳ ತಲೆ ನೆಲಕ್ಕೆ ಬಡಿಯದಂತೆ ಮಡಿಲಿಗೆ ಎಳೆದುಕೊಂಡು ಮಗ್ಗುಲಿಗೆ ಹೊರಳಿಸಿದಳು.

ಚಂದ್ರಮೋಹನ ತಿರುಗಿ ನೋಡಿ ಬಿಳಿಚಿಕೊಂಡ.

"ಏ! ಏನಾಗಾಕ ಹತ್ತೈತಿ ಇಕಿಗೆ? ಏ ಡ್ರೈವರ್, ತಿರುಗ್ಸು! ಇಲ್ಲೇ ಸತ್ತುಗಿತ್ತು ಹೋದ್ರ ನನ್ನ ತಲೀಗೆ ಬರ್ತೈತಿ. ಅಲ್ಲಿ ನರ್ಸ್ ಅದಾಳ, ವಾಪಸ್ ತಿರುಗ್ಸು!"

ಅಪ್ಪಲಸ್ವಾಮಿ ಎಂಜಿನ್ನಿನ ವೇಗ ತಗ್ಗಿಸಿದ. ಬೋಟಿನ ಮೂತಿ ನಿಧಾನಕ್ಕೆ ನಡುಗಡ್ಡೆಯ ಕಡೆ ಹೊರಳತೊಡಗಿತು. ತಿರುಗಿ ಹೋದರೆ ಇವತ್ತು ಮುಗಿಯಿತು. ನಾಳೆಯೂ ಏನೋ.

"ತಿಪ್ಪೊದ್ದನ್ನಾ!" ಓಬಕ್ಕ ಕಿರುಚಿದಳು. "ತಿರುಗಿಸ್ಬ್ಯಾಡ! ಪೋನೀ! ಮುಂದಕ್ಕೆ ಬಿಡು!"

"ನೀ ಯಾರಲೇ ಹೇಳಾಕ?"

"ಬಾಯಿ ಮುಚ್ಚೋ!" ಹೊರಬಿದ್ದ ದನಿ ಅವಳದೇ. "ಇವಳೇನೂ ಸಾಯಾಕಿಲ್ಲ, ಇನ್ನೊಂದು ಗಳಿಗೆಗೆ ಬಿಡ್ತೈತೆ. ಸಾಯ್ತಿರೋದು ನನ್ನ ಕೂಸು. ಕೂಗಾಡೋದು ಬಿಟ್ಟು ಬಾ ಇಲ್ಲಿ. ನಿನ್ನ ಹೆಂಡ್ತಿ ಬಾಯಿ ಒರ್ಸು ಬಾ."

ಚಂದ್ರಮೋಹನ ಕೈ ಎತ್ತಿಕೊಂಡು ನುಗ್ಗಿದ. ಅಪ್ಪಲಸ್ವಾಮಿ ಅವನನ್ನು ನೋಡಿದ, ಕೆಳಗೆ ಕೂತ ಎರಡು ಹೆಂಗಸರನ್ನು ನೋಡಿದ. ಬೋಟಿನ ಮೂತಿಯನ್ನು ಮತ್ತೆ ದಡದ ಕಡೆ ಹೊರಳಿಸಿ, ಎಂಜಿನ್ನಿನ ಹಿಡಿಯನ್ನು ಒಮ್ಮೆಲೇ ಪೂರ್ತಿ ಮುಂದಕ್ಕೆ ತಳ್ಳಿದ. ಬೋಟು ಜಿಗಿಯಿತು, ಚಂದ್ರಮೋಹನ ಪೆಟ್ಟಿಗೆಗಳ ನಡುವೆ ಅಂಗಾತ ಬಿದ್ದ. ಬಿದ್ದಲ್ಲಿಂದಲೇ ಕೆಲಸ ತೆಗೆಸುತ್ತೇನೆ, ಕೊಂದುಬಿಡುತ್ತೇನೆ, ಕೇರಿ ಸುಡುತ್ತೇನೆ ಎಂದು ಒದರುತ್ತಿದ್ದ.

ದಡ ಇನ್ನೂ ಕಂಡಿರಲಿಲ್ಲ. ಮಡಿಲಲ್ಲಿ ಅದುರುತ್ತಿದ್ದ ಭಾರಕ್ಕೋ ಏನೋ, ಅಷ್ಟು ಹೊತ್ತು ಕಲ್ಲಾಗಿದ್ದ ಎದೆ ತಾನಾಗಿಯೇ ಇಳಿಯತೊಡಗಿತು. ಕೂಸಿನ ಹಸಿವಿಗೆ ಇದ್ದ ಹಾಲು ರವಿಕೆ ತೋಯಿಸಿ, ಸೆರಗು ತೋಯಿಸಿ, ದೊಡ್ಡ ಮನೆಯ ಮಗಳ ಕೂದಲಿಗೆ ಸುರಿಯಿತು. ಓಬಕ್ಕ ಅದನ್ನು ಒರೆಸಲಿಲ್ಲ.

"ಇನ್ನಾ ಜೋರಾಗಿ ಬಿಡಣ್ಣಾ" ಎಂದಳು. "ಇನ್ನಾ ಜೋರಾಗಿ."